ಗೋಡೆ ಬದಿಯ ದೀಪ

ಅವತ್ತು ಬೆಳಿಗ್ಗೆಯೂ ಅಂಗಳದಲ್ಲಿ ಸಸಿ ಬೆಳೆಸಿ ಮಾರುವ ಸಸಿಯಕ್ಕ ಸೊಂಟದ ಮೇಲೆ ಕೈಯಿಟ್ಟು ಬದನೆ ಸಸಿಗಳ ಮುಂದೆ ನಿಂತಿದ್ದಳು. ಎಲೆಗಳ ಅಂಚು ಹಳದಿಯಾಗಿ ಮೇಲಕ್ಕೆ ಮುದುರಿತ್ತು. ಅಂಗಳದ ಉಳಿದ ಸಸಿಗಳು ಚೆನ್ನಾಗಿಯೇ ಇದ್ದವು. ಕೆಟ್ಟದ್ದು ಗೋಡೆ ಬದಿಯವು ಮಾತ್ರ. ಗೋಡೆಯ ಆಚೆ ಗಂಡನ ತಂಗಿಯ ಮನೆ.

“ನಿಮ್ಮ ತಂಗಿ ಸೋಪಿನ ನೀರು ಈಚೆ ಸುರೀತಾಳೆ. ನಮ್ಮ ಸಸಿ ಚೆನ್ನಾಗಿ ಮಾರಾಟ ಆಗ್ತಿದೆ ಅಂತ ಹೊಟ್ಟೆಕಿಚ್ಚು.”

ಗಂಡ ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಮಗುಚಿದ. “ಇಲ್ನೋಡೇ, ಜಿಗಿಹುಳು. ಎಲೆ ಕೆಳಗೆ ಕೂತು ರಸ ಹೀರ್ತವೆ. ಮುಟ್ಟಿದ್ರೆ ಏಡಿ ಥರ ಅಡ್ಡಡ್ಡ ಓಡ್ತವೆ.”

ಅವಳು ಬಗ್ಗಲಿಲ್ಲ. “ಅದೇನು, ಹುಳಕ್ಕೂ ಗೋಡೆ ಬದಿಯೇ ಬೇಕಾ?”

“ನೀನು ಹಾಕಿಸಿರೋ ಲೈಟಿಗೆ ಬರ್ತವೆ ಕಣೇ. ರಾತ್ರಿಯೆಲ್ಲ ಉರಿಸಿದ್ರೆ ಬರದೆ ಇರ್ತವಾ? ತೆಗಿ ಅದನ್ನ.”

ಮೊದಲು ನಾಲ್ಕೇ ಎಲೆ ಹಳದಿಯಾಗಿತ್ತು. ನಾದಿನಿಯನ್ನು ನೀರು ಸುರಿಯುವಾಗಲೇ ಹಿಡಿಯಬೇಕೆಂದು ಅವಳೇ ಗೋಡೆಗೆ ದೀಪ ಹಾಕಿಸಿದ್ದಳು. ಹದಿನೈದು ದಿನದಲ್ಲಿ ಇಡೀ ಸಾಲೇ ಹಳದಿ.

“ತಂಗಿ ವಿಷಯ ಬಂದ್ರೆ ಸಾಕು, ಎಲ್ಲಿಂದಾದ್ರೂ ಒಂದು ಹುಳ ಹಿಡ್ಕೊಂಡು ಬರ್ತೀರಿ.”

ಅವನು ನಕ್ಕ. “ಮೊದಲು ಬಗ್ಗಿ ನೋಡು. ಆಮೇಲೆ ಬೈಯುವಂತೆ.”

ಮಾರನೇ ದಿನ ಸಸಿಯ ಟ್ರೇ ಎತ್ತುವಾಗ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ನಾದಿನಿ ದಿನಾ ಊಟ ತಂದಳು. ಸಸಿಯಕ್ಕ ಮುಚ್ಚಳ ತೆಗೆದು ಮೂಸಿ ಬದಿಗಿಟ್ಟಳು. ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಎಲ್ಲಿಂದ ಬಂತು? ಏನೋ ಮಾಡಿದವರೇ ಹೀಗೆ ಮೆತ್ತಗಾಗುವುದು. ದೀಪವನ್ನು ಆರಿಸಲಿಲ್ಲ. ಕಿಟಕಿಯಲ್ಲಿ ಕಣ್ಣಿಟ್ಟು ಕೂತಳು. ಗೋಡೆಯಿಂದ ಒಂದು ತೊಟ್ಟು ನೀರೂ ಈಚೆ ಬೀಳಲಿಲ್ಲ. ಸಸಿ ಮಾತ್ರ ಇನ್ನೂ ಎರಡು ಸಾಲು ಹಾಳಾಯಿತು. ನಾನು ಕಾಯುವುದು ಅವಳಿಗೆ ಗೊತ್ತಾಗಿದೆ, ಜಾಣೆ, ಅಂದುಕೊಂಡಳು.

ಒಂದು ಬೆಳಿಗ್ಗೆ ದೀಪ ಮಂಕಾಗಿತ್ತು. ಸ್ಟೂಲು ಹತ್ತಿ ದೀಪದ ಗಾಜಿನ ಮುಚ್ಚಳ ಬಿಚ್ಚಿದಳು. ಒಳಗೆ ಒಂದು ಹಿಡಿ ಸತ್ತ ಹುಳ. ಹಸಿರು, ಅಕ್ಕಿ ನುಚ್ಚಿಗಿಂತ ಸಣ್ಣವು.

ಇಳಿದಳು. ಬಗ್ಗಿದಳು. ಎಲೆ ಮಗುಚಿದಳು. ಹುಳಗಳು ಅಡ್ಡಡ್ಡ ಓಡಿದವು.

ಗೋಡೆಯ ಮೇಲೆ ನಾದಿನಿಯ ತಲೆ ಕಂಡಿತು. “ಅತ್ತಿಗೆ, ಲೈಟು ತೆಗೆದ್ರಾ? ಅಬ್ಬ! ಬೆಳಕು ನೇರ ನನ್ನ ಹಾಸಿಗೆ ಮೇಲೇ ಬೀಳ್ತಿತ್ತು. ಅಣ್ಣ ಹೋದ ಮನೆ, ಏನಂತ ಹೇಳೋದು ಅಂತ ಸುಮ್ನಿದ್ದೆ.”

“ಸೋಪಿನ ನೀರು ಎಲ್ಲಿಗೆ ಚೆಲ್ತೀಯ?”

“ಇದೇನು ಕೇಳ್ತೀರಿ? ಬಂದು ನೋಡಿ.”

ಹೋಗಿ ನೋಡಿದಳು. ಮೋರಿ ಬೀದಿ ಕಡೆಗೆ ಹರಿಯುತ್ತಿತ್ತು. ಗೋಡೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವತ್ತಿನ ಊಟವನ್ನು ಮೂಸದೆ ಉಂಡಳು. ರಾತ್ರಿ ದೀಪ ಹಾಕಲಿಲ್ಲ.

ಈಗಲೂ ದಿನಾ ಬೆಳಿಗ್ಗೆ, ಮುಖ ತೊಳೆಯುವುದಕ್ಕೂ ಮೊದಲು, ಅವನು ಕೂತಂತೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಒಂದೊಂದೇ ಎಲೆ ಮಗುಚಿ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಹುಳ ಕಾಣದ ಎಲೆಯನ್ನು ನಂಬುವುದಿಲ್ಲ. ಇನ್ನೊಮ್ಮೆ ಮಗುಚುತ್ತಾಳೆ.