ವರನ ವಿಚಾರಣೆಗೆ ಹೋಗಿ ಸಿಕ್ಕಿಬಿದ್ದ ಬಸಲಿಂಗಯ್ಯ ಕಾಕಾ

ದಾಂಡೇಲಿಯ ನಮ್ಮ ಓಣಿಯಲ್ಲಿ ಹೆಣ್ಣು ಕೊಡುವ ಮೊದಲು ಬಸಲಿಂಗಯ್ಯ ಕಾಕಾನನ್ನು ಕಳಿಸುವುದು ರೂಢಿ. ಹಳಿಯಾಳ-ಧಾರವಾಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ಮಾತಿಗಿಳಿದರೆ ಕಲ್ಲಿನ ಬಾಯನ್ನೂ ಬಿಡಿಸುವಂಥವರು. ಹುಡುಗನ ಊರಿಗೆ ಹೋಗಿ ಚಹಾದಂಗಡಿಯಲ್ಲಿ ಕೂತು, ಅಲ್ಲಿನ ಸಲೂನಿನಲ್ಲಿ ಗಡ್ಡ ಮಾಡಿಸಿಕೊಂಡು, ಅವನ ಕುಡಿತ, ಸಿಟ್ಟು, ಸಹವಾಸ ಎಲ್ಲ ತಿಳಿದುಕೊಂಡು ಬರುತ್ತಾರೆ. ತಾವು ಯಾರ ಕಡೆಯವರು ಎಂದು ಮಾತ್ರ ಹೇಳುವುದಿಲ್ಲ. ಸಂಬಂಧ ಮುರಿದರೆ ಹುಡುಗಿಯ ಹೆಸರು ಊರ ಬಾಯಿಗೆ ಬೀಳಬಾರದಲ್ಲ. ನನ್ನ ಗಂಡನನ್ನು ಪಾಸು ಮಾಡಿದವರೂ ಅವರೇ. ಗೊರಕೆಯ ಸುದ್ದಿ ಮಾತ್ರ ಅವರ ಕಿವಿಗೆ ಬೀಳಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಹೋದ ವರ್ಷ ನಮ್ಮ ಪಕ್ಕದ ಮನೆಯ ಶಿವಗಂಗವ್ವನ ಮಗಳು ಸ್ವಪ್ನಾಗೆ ಒಂದು ಸಂಬಂಧ ಬಂತು. ಸ್ವಪ್ನಾ ಹಳಿಯಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹುಡುಗ ಸುಭಾಸ, ಅಂಬಿಕಾನಗರದ ಕಾಲನಿಯಲ್ಲಿ ಬೆಳೆದವನು, ತಂದೆತಾಯಿ ಇನ್ನೂ ಅಲ್ಲೇ ಇದ್ದಾರೆ, ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಪುಣೆಯಲ್ಲಿ ನೌಕರಿ. ಹೆಣ್ಣು ನೋಡಲು ಬಂದಾಗ ಶಿವಗಂಗವ್ವ ಏನು ಕೆಲಸ ಎಂದು ಕೇಳಿದಳು.

"ಸೈನ್ಯದ ಬೇಹುಗಾರಿಕೆ ವಿಭಾಗದಾಗ ಇಂಜಿನಿಯರ್ ಇದ್ದೇನ್ರಿ ಅತ್ತಿ. ಪೇಪರಿನ್ಯಾಗ ಜಾಹೀರಾತು ಬಂದಿತ್ತು, ಪರೀಕ್ಷಾ ಬರದು ಸೇರಿದೆ. ಇಷ್ಟು ಹೇಳಬಹುದು. ಇದರ ಮ್ಯಾಲೆ ಕೇಳಬ್ಯಾಡ್ರಿ."

"ಮದುವಿ ಆದಮ್ಯಾಲೆ?"

"ಆವಾಗೂ ಹೇಳಾಕ ಬರೂದಿಲ್ರಿ."

ಸ್ವಪ್ನಾಗೆ ಹುಡುಗ ಹಿಡಿಸಿದ್ದ, ಅದು ಅವಳ ಮುಖದ ಮೇಲೇ ಕಾಣುತ್ತಿತ್ತು. ತಾಯಿಗೆ ಮಾತ್ರ ಈ ಗುಟ್ಟು ಸರಿಬರಲಿಲ್ಲ. ಅದಕ್ಕೆ ಕಾರಣ ಇತ್ತು. ಶಿವಗಂಗವ್ವನ ಗಂಡ ವರ್ಷಗಟ್ಟಲೆ ಡ್ಯೂಟಿ ಡ್ಯೂಟಿ ಎಂದು ಮನೆ ಬಿಟ್ಟು ಹೋಗಿ ಬೆಳಗಾವಿಯಲ್ಲಿ ಇನ್ನೊಂದು ಸಂಸಾರ ನಡೆಸಿದ್ದ. ಸತ್ತ ದಿನ ಆ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಾಗಲೇ ಇವಳಿಗೆ ಗೊತ್ತಾದದ್ದು. ಮಗಳಿಗೂ ಅದೇ ಗತಿ ಬಂದರೆ? ಆಕೆ ಕಾಕಾನ ಮನೆಗೆ ಹೋಗಿ ಅತ್ತಳು. ಇವನು ನಿಜವಾಗಿ ಏನು ಮಾಡುತ್ತಾನೋ ತಿಳಿದುಕೊಂಡು ಬನ್ನಿ, ಕಾಕಾ ಸರಿ ಎಂದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳು.

ಕಾಕಾ ರೊಟ್ಟಿ ಕಟ್ಟಿಕೊಂಡು ಪುಣೆಗೆ ಹೊರಟರು. ಎಲ್ಲ ಊರಲ್ಲೂ ಮಾಡಿದ್ದನ್ನೇ ಅಲ್ಲಿಯೂ ಮಾಡಿದರು. ಸೈನ್ಯದ ಕಚೇರಿಯ ಗೇಟಿನೆದುರು ಚಹಾದಂಗಡಿ ಹುಡುಕಿ ಕೂತು, ತಮಗೆ ಬರುವ ಮರಾಠಿಯಲ್ಲಿ ವಿಚಾರಣೆ ಸುರು ಹಚ್ಚಿಕೊಂಡರು. ಒಳಗೆ ಏನು ಕೆಲಸ ನಡೆಯುತ್ತದೆ? ಇಂಜಿನಿಯರುಗಳು ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆ? ಸುಭಾಸ ಎಂಬುವನು ಯಾರ ಜೊತೆ ಓಡಾಡುತ್ತಾನೆ? ಮರುದಿನವೂ ಅದೇ ಬೆಂಚು, ಅದೇ ಪ್ರಶ್ನೆ. ಬೇಹುಗಾರರ ಮನೆ ಬಾಗಿಲಲ್ಲೇ ಕೂತು ಬೇಹು ನಡೆಸಿದ ಪುಣ್ಯಾತ್ಮ! ಮಧ್ಯಾಹ್ನದ ಹೊತ್ತಿಗೆ ಜವಾನರು ಬಂದು ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಯಾರು ಕಳಿಸಿದರು ಎಂದು ಅಧಿಕಾರಿ ಕೇಳಿದ. ಕಾಕಾ ತಮ್ಮ ಹೆಸರು, ಊರು ಹೇಳಿದರು, ಮುಂದೆ ತುಟಿ ಬಿಚ್ಚಲಿಲ್ಲ. ಸ್ವಪ್ನಾಳ ಹೆಸರನ್ನು ಪೊಲೀಸು, ಮಿಲಿಟರಿ ಎಂದು ಎಳೆದಾಡಲು ಅವರು ತಯಾರಿರಲಿಲ್ಲ. ಕೊನೆಗೆ ಸುಭಾಸನನ್ನೇ ಕರೆಸಿದರು.

ಅವರಿಬ್ಬರೂ ಹಿಂದೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೆ ಕಾಕಾನ ಟೊಪ್ಪಿಗೆ, ಧೋತರ, ಮಾತಿನ ಧಾಟಿ ಕಂಡ ಕೂಡಲೇ ಹುಡುಗನಿಗೆ ಅರ್ಧ ತಿಳಿದುಹೋಯಿತು.

ಇವರು ನಿಮ್ಮವರೇ ಏನು, ಹೌದು ಎಂದರೆ ಬಿಟ್ಟುಬಿಡುತ್ತೇವೆ ಎಂದ ಅಧಿಕಾರಿ. ನಮ್ಮ ಮಾವ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಇಲ್ಲ ಸರ್, ಇವರನ್ನು ನಾನು ಈ ಹಿಂದೆ ನೋಡಿಲ್ಲ" ಎಂದ ಸುಭಾಸ. ಆಮೇಲೆ ನಿಧಾನವಾಗಿ, ತನ್ನ ಮದುವೆಯ ಮಾತು ನಡೆದಿದೆ, ನಮ್ಮ ಕಡೆ ವರನನ್ನು ಹೀಗೆ ವಿಚಾರಿಸುವ ಪದ್ಧತಿ ಇದೆ, ಇವರು ಅದಕ್ಕೇ ಬಂದಿರಬಹುದು, ಆದರೆ ಅದು ತನ್ನ ಊಹೆ ಮಾತ್ರ, ನೀವು ತನಿಖೆ ಮಾಡಿಯೇ ಬಿಡಬೇಕು ಎಂದ.

ದಾಂಡೇಲಿ ಠಾಣೆಗೆ ಫೋನು ಹೋಯಿತು. ಫೋನೆತ್ತಿದ ಹವಾಲ್ದಾರ, ನನ್ನ ಅಳಿಯನನ್ನೂ ಬಸಲಿಂಗಯ್ಯನವರೇ ಹೀಗೆ ವಿಚಾರಿಸಿ ಬಂದದ್ದು ಎಂದು ಬಿದ್ದುಬಿದ್ದು ನಕ್ಕನಂತೆ. ಆಮೇಲೆಯೇ ಕಾಕಾನನ್ನು ಬಿಟ್ಟರು, ಅಲ್ಲಿಯವರೆಗೆ ಸುಭಾಸ ಅವರ ಪಕ್ಕದಲ್ಲೇ ಕೂತಿದ್ದ. ಹೊರಗಿನವರು ತನ್ನ ವಿಷಯ ಹೇಗೆ ವಿಚಾರಿಸಿದರು ಎಂಬುದಕ್ಕೆ ಅವನು ಮೇಲಿನವರಿಗೆ ಜವಾಬು ಕೊಡಬೇಕಾಯಿತು, ಬರಬೇಕಿದ್ದ ಬಡ್ತಿಯೂ ತಡವಾಯಿತು. ಇದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ ಅವನ ಜೊತೆ ಕೆಲಸ ಮಾಡುವವನೊಬ್ಬ ಹೇಳಿ, ಅವನು ಮಾತ್ರ ಇವತ್ತಿಗೂ ಯಾರೆದುರೂ ಆಡಿಕೊಂಡಿಲ್ಲ.

ಕಾಕಾ ತಿರುಗಿ ಬಂದ ದಿನ ನಾನು ಶಿವಗಂಗವ್ವನ ಅಡುಗೆಮನೆಯಲ್ಲೇ ಇದ್ದೆ. ಸ್ವಪ್ನಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನ್ ಕೆಲಸ ಮಾಡ್ತಾನ್ರಿ ಕಾಕಾ?" ಎಂದಳು ಶಿವಗಂಗವ್ವ.

"ಗೊತ್ತಾಗಲಿಲ್ಲವ್ವಾ."

"ಮತ್ತ ಅಷ್ಟು ದೂರ ಹೋಗಿ ಏನ್ ತಿಳ್ಕೊಂಡು ಬಂದ್ರಿ?"

ಕಾಕಾ ಎಲ್ಲ ಹೇಳಿದರು. "ಒಂದ್ ಸುಳ್ಳು ಹೇಳಿದ್ರ ಅಂವನೂ ಪಾರು, ನಾನೂ ಪಾರು. ಹೇಳಲಿಲ್ಲ. ಆಮ್ಯಾಲೆ ನನ್ನ ಬಿಟ್ಟೂ ಹೋಗಲಿಲ್ಲ. ನನಗ ತಿಳದದ್ದು ಇಷ್ಟವ್ವಾ" ಎಂದರು.

ಒಲೆಯ ಮೇಲಿನ ಹಾಲು ಉಕ್ಕಿದ್ದನ್ನು ನಾನೇ ಇಳಿಸಿದೆ. ಶಿವಗಂಗವ್ವ ಮಗಳ ಕಡೆ ತಿರುಗಿದಳು.

"ನಿಮ್ಮಪ್ಪಗ ನಾ ಏನ್ ಕೇಳಿದ್ರೂ ಉತ್ತರ ತಯಾರ್ ಇರ್ತಿತ್ತವ್ವಾ. ಎಲ್ಲಿ ಹೋಗಿದ್ರಿ ಅಂದ್ರೂ ಉತ್ತರ, ಯಾಕ ತಡಾ ಆತು ಅಂದ್ರೂ ಉತ್ತರ. ಹೇಳೂದಿಲ್ಲ ಅಂತ ಒಂದ್ ದಿನಾನೂ ಅನ್ನಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಬಿಕಾನಗರಕ್ಕ ಫೋನ್ ಹಚ್ಚು, ನಾ ಮಾತಾಡ್ತೇನಿ" ಎಂದಳು.