ಯಾವ ಬಸವರಾಜಪ್ಪ?

ಗೆಳೆಯರೇ, ನನ್ನ ಕತೆ ಕೇಳಿ. ತ್ರಿಚಕ್ರ ವಾಹನಕ್ಕೆ ನಾನು ಹಾಕಿದ್ದ ಅರ್ಜಿಯ ತಪಾಸಣೆಗೆ ಇವತ್ತು ಜಗಳೂರಿನಿಂದ ಸಾಹೇಬರು ಬಂದಿದ್ದರು. "ದಿವ್ಯಾಂಗ ಬಸವರಾಜಪ್ಪನ ಮನೆ ಯಾವುದು?" ಎಂದು ಹೋಟೆಲ್ ಸಿದ್ದಣ್ಣನನ್ನು ಕೇಳಿದ್ದಾರೆ.

ನಮ್ಮೂರಲ್ಲಿ ಬಸವರಾಜಪ್ಪ ಅನ್ನುವವರು ಐದು ಜನ. ನನ್ನ ಹಳೇ ಕಾರ್ಡಿನಲ್ಲಿ ಅಂಗವಿಕಲ, ಹೊಸದರಲ್ಲಿ ವಿಕಲಚೇತನ ಎಂದಿದೆ. ಊರವರ ಬಾಯಲ್ಲಿ ಮಾತ್ರ ಚಿಕ್ಕಂದಿನಿಂದಲೂ ಕುಂಟ ಬಸಣ್ಣ. "ಇನ್ನೊಂದ್ಸಲ ಹಂಗೆ ಕರೆದ್ರೆ ಸುಮ್ನಿರಲ್ಲ" ಎಂದು ಹೋದ ವಾರವಷ್ಟೇ ಅದೇ ಹೋಟೆಲಿನಲ್ಲಿ ಜಗಳವಾಡಿದ್ದೆ. ಆ ಹೆದರಿಕೆಗೆ ಸಿದ್ದಣ್ಣ, "ಐದು ಜನ ಅದಾರ್ರೀ, ನೀವೇ ನೋಡ್ಕಳ್ರಿ" ಎಂದು ಮೊದಲ ಬಸವರಾಜಪ್ಪನ ಮನೆ ತೋರಿಸಿ ಕೈತೊಳೆದುಕೊಂಡಿದ್ದಾನೆ.

ಸುದ್ದಿ ತಿಳಿದದ್ದೇ ಊರುಗೋಲು ಊರಿಕೊಂಡು ಓಡಿದೆ. ಸಾಹೇಬರು ಆಗಲೇ ಬಸ್ ಹತ್ತುತ್ತಿದ್ದರು. ಅರ್ಜಿ ತಿರಸ್ಕಾರವಾದರೆ ಇನ್ನೆಷ್ಟು ವರ್ಷ ಕಾಯಬೇಕೋ!

"ಸಾರ್, ಬಸವರಾಜಪ್ಪ ನಾನು!"

ಅವರು ತಿರುಗಿಯೂ ನೋಡಲಿಲ್ಲ. "ನೋಡಿ ಬಂದೆ ಕಣ್ರೀ. ಎರಡೂ ಕಾಲು ನೆಟ್ಟಗೈದಾವೆ!"

"ಅವನಲ್ರೀ ಸಾರ್, ಕುಂಟ ಬಸಣ್ಣ ನಾನು!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸಾಹೇಬರು ಇಳಿದು ಬಂದು ನನ್ನ ಸಹಿ ಹಾಕಿಸಿಕೊಂಡರು.

ಸಿದ್ದಣ್ಣ ಚಹಾ ಕೊಡುತ್ತಾ ಮೆಲ್ಲಗೆ ಕೇಳಿದ: "ಇನ್ಮೇಲೆ ಏನಂತ ಕರೀಲಿ?"

"ಇನ್ನೂ ಎರಡು ತಪಾಸಣೆ ಐತಂತೆ. ಅಲ್ಲಿತಂಕ ಹಂಗೇ ಕರಿ."