ಅಕ್ಕನ ಬಾಣಂತನಕ್ಕೆ ಇಟಲಿಯ ಮೋರಿ

ಫೆಬ್ರವರಿ ಹನ್ನೆರಡು, ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು. ಇಟಲಿಯ ಒಂದು ಬಂದರು ಪೇಟೆಯಲ್ಲಿ ನಾನೂ ಆಯಿಯೂ (ನಮ್ಮ ಅಮ್ಮ) ಮೀನಂಗಡಿ ಹುಡುಕಲು ಹೊರಟ ಹೊತ್ತು ನನ್ನ ದಿನಚರಿಯಲ್ಲಿ ಹೀಗಿದೆ. ಬಾವ ಅಲ್ಲಿ ಹಡಗು ಕಟ್ಟುವಲ್ಲಿ ವೆಲ್ಡರ್. ಅಕ್ಕ ಹೆತ್ತು ಒಂಬತ್ತು ದಿನವಾಗಿತ್ತು. ಎದೆಹಾಲು ಸಾಲದೆ ಮಗು ಅಳುತ್ತಿತ್ತು. ನಮ್ಮ ಕಡೆ ಬಾಣಂತಿಗೆ ಹಾಲು ಬರಲೆಂದು ಮೋರಿ, ಅಂದರೆ ಚಿಕ್ಕ ಶಾರ್ಕ್ ಮೀನಿನ ಸಾರು ಕೊಡುತ್ತಾರೆ. ಅಂಕೋಲೆಯಲ್ಲಿ ಮೀನು ಮಾರುವ ಆಯಿ ಅದರ ಹುಳಿಗೆಂದೇ ಒಣಗಿದ ಮುರುಗಲ ಸಿಪ್ಪೆ ಕಟ್ಟಿಕೊಂಡು ಬಂದಿದ್ದಳು.

"ಸೂಪರ್‌ಮಾರ್ಕೆಟ್ಟಲ್ಲಿ ಪ್ಯಾಕೆಟ್ ಮೀನು ಸಿಗ್ತದೆ ಆಯಿ, ಸಾಕು," ಎಂದಿದ್ದಳು ಅಕ್ಕ.

"ಪ್ಯಾಕೆಟ್ಟಿಂದು ನಿನ್ನ ಗಂಡಂಗೆ ಹಾಕು. ನಿಂಗೆ ಮೋರಿನೇ ಆಗ್ಬೇಕು."

ಮೊದಲ ದಿನವೇ ಎಡವಟ್ಟಾಯಿತು. ಐಸಿನ ಮೇಲೆ ಸಾಲಾಗಿಟ್ಟ ಮೀನು ಕಂಡದ್ದೇ ತಡ, ಆಯಿ ಊರಿನಲ್ಲಿ ಮಾಡುವಂತೆ ಒಂದರ ಕಿವಿರು ಎತ್ತಿ ಬೆರಳು ಹಾಕಿದಳು. ಒಳಗೆ ಕೆಂಪಿದ್ದರೆ ತಾಜಾ. ಅಂಗಡಿಯಾಕೆ ಕೂಗಿಕೊಂಡಳು. ಅಲ್ಲಿ ಗಿರಾಕಿ ಮೀನು ಮುಟ್ಟುವಂತಿಲ್ಲ. ಒಳಗೆ ಬಂದವರು ನಮಸ್ಕಾರ ಹೇಳಿ, ನಂಬರಿನ ಚೀಟಿ ಹರಿದುಕೊಂಡು ಕಾಯಬೇಕು. ನಾವು ಬರಿಗೈಯಲ್ಲಿ ಹೊರಬಂದೆವು.

"ಮುಟ್ಟದೇ ಮೀನು ತಕಣೂದು ಹ್ಯಾಂಗೆ ಮಾರಾಯ್ತಿ? ನನ್ನ ಬುಟ್ಟಿಗೆ ಎಷ್ಟು ಜನ ಕೈ ಹಾಕ್ತಾರೆ!"

"ಅವ್ರಿಗೆ ನೀನು ಬೈಯೂದಿಲ್ವನೇ?"

"ಬೈತೆ. ಆದ್ರೆ ಕೈ ಹಾಕುಕೆ ಬಿಡ್ತೆ."

ಗುರುವಾರ ಮಧ್ಯಾಹ್ನ ಎರಡಕ್ಕೆ ಹೋದರೆ ಶಟರ್ ಎಳೆದಿತ್ತು. ಊಟದ ಹೊತ್ತಿಗೆ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದಂತೆ. "ತೆಗೂವರೆಗೂ ಇಲ್ಲೇ ಕೂರ್ತೆ," ಎಂದು ಆಯಿ ಎದುರಿನ ಮೆಟ್ಟಿಲ ಮೇಲೆ ಕೂತಳು.

ತೆರೆದಾಗ ನಾನು "ಬೊಂಜೋರ್ನೊ" ಎಂದೆ, ಚೀಟಿ ಹರಿದೆ. ಐಸಿನ ಮೇಲೆ ತಲೆ ಕಡಿದು, ಚರ್ಮ ಸುಲಿದ ಗುಲಾಬಿ ತುಂಡುಗಳಿದ್ದವು. ಹೆಸರು 'ಪಲೊಂಬೊ'. ಶಾರ್ಕ್ ಜಾತಿಯದೇ ಎಂದು ಫೋನು ಹೇಳಿತು.

"ತಲೆ ಇಲ್ಲ, ಚರ್ಮ ಇಲ್ಲ. ಎಂದು ಸತ್ತದ್ದೋ ಏನೋ!" ಆಯಿ ಒಪ್ಪಲಿಲ್ಲ. ತನ್ನ ತಲೆ ಮುಟ್ಟಿ ತೋರಿಸಿದಳು, ತೋಳಿನ ಚರ್ಮ ಚಿವುಟಿದಳು, ಕೊನೆಗೆ ಮಗು ತೂಗುವಂತೆ ಕೈಯಾಡಿಸಿದಳು. ಅಂಗಡಿಯಾಕೆ ನಕ್ಕಳು. ನಾಳೆ ಬೆಳಿಗ್ಗೆ ಬೇಗ ಬನ್ನಿ, ಸುಲಿಯದೆ ಇಡುತ್ತೇನೆ ಎಂದಳು. ಫೋನು ಹಾಗೆ ಅನುವಾದಿಸಿತು.

ಶುಕ್ರವಾರ ಇಡೀ ಮೋರಿ ಕಾಯುತ್ತಿತ್ತು. ಆಯಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಅಂಗಡಿಯಾಕೆಯೇ ಕಿವಿರ ಸೀಳು ಬಿಡಿಸಿ ತೋರಿಸಿದಳು. ಕೆಂಪಗಿತ್ತು.

"ಹಾಂ, ಈಗ ಕಟ್ಟು," ಎಂದಳು ಆಯಿ, ಕನ್ನಡದಲ್ಲೇ.

ಅಕ್ಕ ಮೂರು ದಿನ ಸಾರು ಕುಡಿದಳು. ಸೋಮವಾರ ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು ಎಂದು ಬರೆದಿದ್ದೇನೆ. ಮೋರಿಯಿಂದಲೇ ಎಂದು ಆಯಿಯ ಮಾತು, ನನಗೆ ಖಚಿತವಿಲ್ಲ.

ಈಗ ಬಾವನ ಜೊತೆ ಕೆಲಸ ಮಾಡುವ, ನಮ್ಮ ಕಡೆಯ ಕದ್ವಾಡದವರೊಬ್ಬರ ಹೆಂಡತಿಗೂ ದಿನ ತುಂಬುತ್ತಿದೆ. ಇಟಲಿಯಲ್ಲಿ ಇಡೀ ಪಲೊಂಬೊ ಯಾವ ತಿಂಗಳು ಸಿಗುತ್ತದೆ, ಸಿಗದಿದ್ದರೆ ಆ ಕಡೆಯ ಬಾಣಂತಿಯರು ಏನು ತಿನ್ನುತ್ತಾರೆ? ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ.